ಕತ್ತರಿಸಿದಾಗ ನೀಲಿ

ಜೂನ್ 3

ಅಣ್ಣನಿಗೆ,

ನಾಲ್ಕು ತಿಂಗಳಿಂದ ಸುದ್ದಿಯಿಲ್ಲದವಳು ಕೆಲಸ ಬಿದ್ದಾಗ ಬರೆಯುತ್ತಿದ್ದಾಳೆ ಅಂದುಕೊಳ್ಳುತ್ತೀಯ. ಹೌದು, ಕೆಲಸವೇ ಬಿದ್ದಿದೆ. ಮ್ಯೂಸಿಯಮ್ಮಿನಲ್ಲಿ ಒಣಗಿದ ಅಣಬೆಗಳಿಗೆ ಚೀಟಿ ಬರೆದು ಬರೆದು ಬೆನ್ನು ಬಗ್ಗಿಸಿಕೊಂಡಿದ್ದೀಯಲ್ಲ, ಆ ವಿದ್ಯೆ ಒಂದು ದಿನ ತಂಗಿಗೂ ಒದಗಲಿ.

ನಮ್ಮ ಗಾಜಿನ ಕಾರ್ಖಾನೆಯ ಹಿಂದೆ, ಒಡೆದ ಗಾಜು ರಾಶಿ ಹಾಕುವ ಜಾಗದ ಆಚೆ, ಹಳೆಯ ಓಕ್ ಮರಗಳ ಸಾಲೊಂದಿದೆ. ಕ್ಯಾಂಟೀನಿನ ತರಕಾರಿ ಸಿಪ್ಪೆ ಚೆಲ್ಲಲು ಬೆಳಿಗ್ಗೆ ಅಲ್ಲಿಗೆ ಹೋದರೆ ಮರದ ಬುಡದಲ್ಲೆಲ್ಲ ಅಣಬೆ ಎದ್ದಿವೆ. ಒಂದೊಂದೂ ಊಟದ ತಟ್ಟೆಯಷ್ಟು ಅಗಲ. ಟೋಪಿ ಹಳೆ ಸೀಮೆಸುಣ್ಣದ ಬಣ್ಣ. ಸವರಿದರೆ ಮೆತ್ತನೆ ತೊಗಲಿನ ಹಾಗೆ. ಕಾಂಡವಂತೂ ನಮ್ಮ ಚಿಕ್ಕಪ್ಪನ ಹೊಟ್ಟೆ, ಕೆಳಗೆ ಬರಬರುತ್ತ ಉಬ್ಬಿದೆ. ತಲೆಕೆಳಗು ಮಾಡಿದೆ. ಅಂಗಡಿಯ ಅಣಬೆಗಿರುವ ಪದರಗಳು ಇದಕ್ಕಿಲ್ಲ. ಅದರ ಬದಲು ಸ್ಪಂಜು, ಸಾವಿರ ಸಣ್ಣ ತೂತು. ಚಿತ್ರ ಬರೆದು ಇಟ್ಟಿದ್ದೇನೆ, ನಗಬೇಡ.

ತಿನ್ನಬಹುದೇ? ಇಲ್ಲಿ ಎಲ್ಲರೂ ಊದುವಜ್ಜ ಎಂದು ಕರೆಯುವ ಮುದುಕರೊಬ್ಬರಿದ್ದಾರೆ. ನಲವತ್ತೊಂದು ವರ್ಷದಿಂದ ಕುಲುಮೆಯ ಮುಂದೆ ನಿಂತು ಗಾಜು ಊದುತ್ತಿರುವವರು. ನಿನ್ನೆ ತಟ್ಟೆ ನೋಡಿ, "ಇವತ್ತೂ ಕುಂಬಳಕಾಯೀನಾ ತಾಯಿ? ತಿಂದೂ ತಿಂದೂ ನಾನೇ ಕುಂಬಳಕಾಯಿ ಆಗೋದ್ರೊಳಗೆ ಬೇರೆ ಏನಾದ್ರೂ ಮಾಡು" ಅಂದರು. ಅದಕ್ಕೇ ಕೇಳಿದ್ದು.

ನಿನ್ನ ತಂಗಿ

ಜೂನ್ 12

ಮೊಂಡಿಗೆ,

ನಿನ್ನ ಚಿತ್ರ ನೋಡಿ ಪಕ್ಕದ ಮೇಜಿನ ಕೀಟ ವಿಭಾಗದವರು ಇದು ಮುರಿದ ಸ್ಟೂಲೇ ಎಂದು ಕೇಳಿದರು. ನಾನು ನಿನ್ನ ಮಾನ ಉಳಿಸಿದೆ.

ಮೊದಲ ಮಾತು. ನಾನು ಹೇಳುವವರೆಗೆ ಅದನ್ನು ಬಾಯಿಗಿಡಬೇಡ, ಯಾರ ತಟ್ಟೆಗೂ ಹಾಕಬೇಡ.

ಪದರದ ಬದಲು ಸ್ಪಂಜಿದೆ ಎಂದರೆ ಅದು ಬೊಲೀಟ್ ಕುಟುಂಬದ್ದು. ಜೀವ ತೆಗೆಯುವ ಅಣಬೆಗಳಲ್ಲಿ ಹೆಚ್ಚಿನವು ಪದರದವು ಎಂದು ಕೇಳಿದ ಜನ ಸ್ಪಂಜು ಕಂಡ ಕೂಡಲೇ ನಿರಾಳವಾಗಿಬಿಡುತ್ತಾರೆ. ಎಡವುವುದು ಅಲ್ಲೇ. ಈ ಕುಟುಂಬದಲ್ಲಿ ಬಾಯಲ್ಲಿ ನೀರೂರಿಸುವವನೂ ಇದ್ದಾನೆ, ಕರುಳು ಹಿಂಡುವವನೂ ಇದ್ದಾನೆ. ಟೋಪಿ ನೋಡಿ ಇಬ್ಬರನ್ನೂ ಬೇರೆ ಮಾಡಲಾಗದು.

ಹಾಗಾಗಿ ನೀನು ಹೀಗೆ ನೋಡಬೇಕು. ಸ್ಪಂಜಿನ ಬಣ್ಣವೇನು? ಬಿಳಿಯೋ, ಹಳದಿಯೋ, ಅಥವಾ ಕಿತ್ತಳೆ, ಕೆಂಪಿನ ಕಡೆಗೋ? ಕಾಂಡದ ಮೇಲೆ ಬಲೆ ಹೆಣೆದಂಥ ಗೆರೆಗಳಿವೆಯೇ? ಇದ್ದರೆ ಆ ಬಲೆಯ ಬಣ್ಣವೇನು? ಆಮೇಲೆ ಮುಖ್ಯವಾದದ್ದು: ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ ಅದನ್ನು ಉದ್ದಕ್ಕೆ ಸೀಳಿ ಇನ್ನೂರು ಎಣಿಸು. ತಿರುಳು ಹಾಗೇ ಉಳಿಯುತ್ತದೆಯೋ, ನೀಲಿಯಾಗುತ್ತದೆಯೋ? ನೀಲಿಯಾಗುವವೆಲ್ಲ ಕೆಟ್ಟವಲ್ಲ, ನಿಜ. ಆದರೆ ಕೆಂಪು ಸ್ಪಂಜೂ ನೀಲಿ ತಿರುಳೂ ಒಟ್ಟಿಗೆ ಬಂದರೆ ಅದನ್ನು ಬಿಟ್ಟು ಕೈ ತೊಳೆದುಕೊಂಡು ಬಾ. ಬಿಳಿ ಕಾಗದದ ಮೇಲೆ ಟೋಪಿಯನ್ನು ಬೋರಲು ಹಾಕಿ ಮಾರನೆಯ ದಿನ ಉದುರಿದ ಪುಡಿಯ ಬಣ್ಣವನ್ನೂ ಬರೆ. ತೆಳ್ಳಗೆ ಒಂದು ಚೂರು ಒಣಗಿಸಿ ಪೊಟ್ಟಣ ಕಟ್ಟಿ ಕಳಿಸು. ಕಣ್ಣಾರೆ ನೋಡದೆ ನಾನು ಯಾವುದಕ್ಕೂ ಹೆಸರಿಡುವವನಲ್ಲ.

ಇಲ್ಲಿ ಅಣಬೆ ವಿಭಾಗದ ಮೇಲ್ವಿಚಾರಕರು ನಿವೃತ್ತರಾಗುತ್ತಿದ್ದಾರೆ. ಆ ಜಾಗಕ್ಕೆ ಮೂವರ ಸಂದರ್ಶನ, ಅದರಲ್ಲಿ ನಾನೂ ಒಬ್ಬ. ಹದಿನೆಂಟು ವರ್ಷ ಚೀಟಿ ಬರೆದದ್ದು ಸಾಕಾಗಿದೆ.

ಅಣ್ಣ

ಜೂನ್ 20

ಅಣ್ಣನಿಗೆ,

ನೀನು ಹೇಳಿದಂತೆ ಎಲ್ಲ ಮಾಡಿದೆ. ಸ್ಪಂಜು ಹಳದಿ ಕಡೆಗೆ. ಕಾಂಡದ ಮೇಲೆ ಬಲೆ ಇದೆ, ಬಲು ಚೆಂದ, ಯಾರೋ ಕೂತು ನೂಲಿನಲ್ಲಿ ಹೆಣೆದ ಹಾಗೆ. ಕಾಗದದ ಮೇಲೆ ಉದುರಿದ ಪುಡಿ ಹಸಿರು ಬೆರೆತ ಕಂದು. ಸೀಳಿ ನೋಡಿದೆ, ಹೇಳುವಂಥದ್ದೇನೂ ಕಾಣಲಿಲ್ಲ. ಚೂರು ಒಣಗಿಸಿ ಪೊಟ್ಟಣದಲ್ಲಿಟ್ಟಿದ್ದೇನೆ.

ಬೇಗ ಉತ್ತರಿಸು. ಮೊದಲು ಬಂದವು ಹುಳ ಬಿದ್ದು ಹೋದವು, ಈಗ ಹೊಸವು ಏಳುತ್ತಿವೆ. ಇನ್ನು ಮೂರು ವಾರ ಸಿಕ್ಕರೆ ಹೆಚ್ಚು.

ಸಂದರ್ಶನಕ್ಕೆ ಆ ಕಂದು ಕೋಟು ಹಾಕಿಕೊಂಡು ಹೋಗಬೇಡ. ಅದರಲ್ಲಿ ನೀನೇ ಒಂದು ಅಣಬೆಯಂತೆ ಕಾಣುತ್ತೀಯ.

ತಂಗಿ

ಜೂನ್ 29

ಮೊಂಡಿಗೆ,

ಅವಸರದಲ್ಲಿದ್ದೇನೆ, ನಾಡಿದ್ದು ಸಂದರ್ಶನ. ಚೂರು ನೋಡಿದೆ. ನೀನು ಬರೆದದ್ದಕ್ಕೂ ಅದಕ್ಕೂ ಹೊಂದುತ್ತದೆ. ಒಳ್ಳೆಯ ಜಾತಿಯೇ. ಚೆನ್ನಾಗಿ ಬೇಯಿಸು, ಹೆದರಬೇಡ.

ಅಣ್ಣ

ಜುಲೈ 21

ಮೊಂಡಿಗೆ,

ಮೂರು ವಾರವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಅಣಬೆ ರುಚಿ ಹತ್ತಿ ಅಣ್ಣನನ್ನೇ ಮರೆತೆಯಾ?

ಕೆಲಸ ಸಿಕ್ಕಿತು. ಈಗ ನನಗೆ ಬಾಗಿಲಿರುವ ಕೋಣೆ ಇದೆ, ಎತ್ತರದ ಕಿಟಕಿ ಇದೆ, ಬೀಗದ ಕೈಗಳ ಗೊಂಚಲಿದೆ. ಯಾವ ಕೈ ಯಾವ ಬೀರುವಿನದೆಂದು ಗೊತ್ತಾಗದೆ ಇಡೀ ಬೆಳಿಗ್ಗೆ ಬಾಗಿಲಿಂದ ಬಾಗಿಲಿಗೆ ಅಲೆದೆ. ಕೀಟದವರು ಬಂದು ಕೈ ಕುಲುಕಿದರು. ಮೊದಲು ಹೇಳಬೇಕೆನಿಸಿದ್ದು ನಿನಗೆ. ಅಮ್ಮ ಇದ್ದಿದ್ದರೆ ನಿನಗಿಂತ ಮೊದಲು ಅವಳಿಗೆ ಹೇಳುತ್ತಿದ್ದೆ, ಸಿಟ್ಟಾಗಬೇಡ.

ಊದುವಜ್ಜ ಏನಂದರು? ಕುಂಬಳಕಾಯಿಯಿಂದ ಬಿಡುಗಡೆಯಾಯಿತೇ?

ಅಣ್ಣ

ಜುಲೈ 30

ಅಣ್ಣನಿಗೆ,

ಕೆಲಸ ಸಿಕ್ಕಿದ್ದು ತುಂಬ ಸಂತೋಷ. ನಿನಗೆ ಸಿಗಬೇಕಾದದ್ದೇ ಸಿಕ್ಕಿತು.

ಇಲ್ಲಿ ಕ್ಯಾಂಟೀನ್ ರಿಪೇರಿಗೆಂದು ಮುಚ್ಚಿದ್ದಾರೆ. ನಾನು ಮನೆಯಲ್ಲಿದ್ದೇನೆ. ಅಣಬೆ ಬೇಡವೆನಿಸಿ ಚೆಲ್ಲಿದೆ. ಬರೆಯಲು ಬೇರೇನೂ ಇಲ್ಲ.

ತಂಗಿ

ಆಗಸ್ಟ್ 11

ತಂಗಿಗೆ,

ನಿನ್ನ ನಾಲ್ಕು ಸಾಲು ಓದಿ, ನಾನು ದೊಡ್ಡವನಾದೆನೆಂದು ನಿನಗೆ ಹೊಟ್ಟೆಕಿಚ್ಚು ಅಂದುಕೊಂಡೆ. ಎರಡು ದಿನ ಹಾಗೇ ಅಂದುಕೊಂಡು ಮುಖ ಊದಿಸಿಕೊಂಡಿದ್ದೆ. ಮೊನ್ನೆ ಅಂಚೆಯಲ್ಲಿ ನನ್ನ ಹೊಸ ಹುದ್ದೆಯ ಹೆಸರಿಗೆ ಮೊಹರು ಮಾಡಿದ ಡಬ್ಬಿ ಬಂತು. ನಿಮ್ಮ ಜಿಲ್ಲೆಯ ಆರೋಗ್ಯಾಧಿಕಾರಿ ಕಳಿಸಿದ್ದು. ಜೊತೆಗಿದ್ದ ಕಾಗದದಲ್ಲಿ ಹೀಗಿತ್ತು: ಗಾಜಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಜುಲೈ ಒಂಬತ್ತರಂದು ಊಟ ಮಾಡಿದ ಹನ್ನೊಂದು ಮಂದಿಗೆ ತೀವ್ರ ವಾಂತಿಭೇದಿ; ಕಾರ್ಖಾನೆಯ ಹಿಂದಿನ ಓಕ್ ಮರಗಳ ಕೆಳಗೆ ಸಿಕ್ಕ ಅಣಬೆಯನ್ನು ಗುರುತಿಸಿ ಹೆಸರು ತಿಳಿಸಬೇಕು.

ಮೇಲ್ವಿಚಾರಕನಾಗಿ ನನ್ನ ಮೊದಲ ಕೆಲಸ ಅದು.

ಸೀಮೆಸುಣ್ಣದ ಟೋಪಿ. ಉಬ್ಬಿದ ಕಾಂಡ, ಅದರ ಮೇಲೆ ಕೆಂಪು ಬಲೆ. ದ್ರಾವಣದಲ್ಲಿ ನೆನೆದು ಮಾಸಿದ್ದರೂ ಸ್ಪಂಜಿನ ಕೆಂಪು ಗೊತ್ತಾಗುತ್ತಿತ್ತು. ಕಣ್ಣಿದ್ದ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಹೆಸರು ಬರೆದೆ, ಸಹಿ ಹಾಕಿದೆ.

ಯಾಕೆ ಹೇಳಲಿಲ್ಲ? ನೀನು ತಿಂದೆಯಾ? ಈಗ ಹೇಗಿದ್ದೀಯ? ಯಾರೂ ಸತ್ತಿಲ್ಲ ಎಂದು ಕಾಗದದಲ್ಲಿದೆ, ಅದನ್ನೇ ಹತ್ತು ಸಲ ಓದಿದೆ. ಅಡುಗೆಯಾಕೆ ತನ್ನ ಸ್ವಂತ ತಿಳಿವಳಿಕೆಯ ಮೇಲೆ ಬೇಯಿಸಿದ್ದಾಗಿ ಒಪ್ಪಿಕೊಂಡಿದ್ದಾರೆ ಎಂದೂ ಇದೆ. ಅದು ಸುಳ್ಳು. ನನ್ನ ಜೂನ್ ತಿಂಗಳ ಕೊನೆಯ ಕಾಗದ ನಿನ್ನ ಹತ್ತಿರ ಇದೆಯಲ್ಲ, ಅದನ್ನು ತೋರಿಸು. ಇವತ್ತೇ ತೋರಿಸು.

ಅಣ್ಣ

ಆಗಸ್ಟ್ 20

ಅಣ್ಣ,

ಆ ಕಾಗದ ಇಲ್ಲ. ಜನ ಕಾಯಿಲೆ ಬಿದ್ದ ದಿನವೇ ಅದನ್ನು ಒಲೆಗೆ ಹಾಕಿದೆ.

ಆರೋಗ್ಯಾಧಿಕಾರಿ ಹೆಂಗಸು, ಒಳ್ಳೆಯವಳೇ. ನನ್ನ ಎದುರು ಕೂತು ಮೂರು ಸಲ ಕೇಳಿದಳು: "ಯಾರನ್ನಾದ್ರೂ ಕೇಳಿದ್ರಾ? ಗೊತ್ತಿರೋರು ಯಾರಾದ್ರೂ ಹೇಳಿದ್ರಾ? ನೆನಪು ಮಾಡ್ಕೊಳ್ಳಿ." ನಾನು, "ಇಲ್ಲ ಮೇಡಂ, ನನ್ನ ಕಣ್ಣಳತೆ" ಅಂದೆ. ನಿನ್ನ ಸಂದರ್ಶನ ಮುಗಿದು ವಾರವಾಗಿತ್ತಷ್ಟೇ. ನಿನ್ನ ಹೆಸರು ಹೇಳಿ ನನಗೇನು ಸಿಗಬೇಕಿತ್ತು?

ನಡೆದದ್ದು ಹೇಳುತ್ತೇನೆ. ಮಧ್ಯಾಹ್ನದ ಪಾಳಿಗೆ ಸೂಪು ಮಾಡಿ ಬ್ರೆಡ್ಡಿನ ಜೊತೆ ಬಡಿಸಿದೆ. ಎಲ್ಲರೂ ಹೊಗಳಿದರು. ಮ್ಯಾನೇಜರ್ ಬಂದಿದ್ದರು, ಎರಡು ಸಲ ಹಾಕಿಸಿಕೊಂಡರು. ಊದುವಜ್ಜ ಬಟ್ಟಲು ಎತ್ತಿ ಹಿಡಿದು, "ಕುಂಬಳಕಾಯಿ ಸತ್ತಿತು, ತಾಯಿ ಗೆದ್ದಳು!" ಅಂತ ಕೂಗಿದರು. ಊಟವಾಗಿ ಒಂದೂವರೆ ಗಂಟೆ ಕಳೆದಿರಬಹುದು. ಮೊದಲು ಪ್ಯಾಕಿಂಗಿನ ಹುಡುಗಿ ಬಾಯಿಗೆ ಕೈ ಹಿಡಿದು ಓಡಿದಳು, ಆಮೇಲೆ ಒಬ್ಬರ ಹಿಂದೆ ಒಬ್ಬರು. ಇರುವುದು ನಾಲ್ಕೇ ಕಕ್ಕಸು. ಅಂಗಳದಲ್ಲಿ, ಮೆಟ್ಟಿಲ ಮೇಲೆ, ಎಲ್ಲೆಂದರಲ್ಲಿ. ಆಂಬುಲೆನ್ಸ್ ಎರಡು ಸರದಿ ಹೋಗಿ ಬಂತು.

ಹತ್ತು ಮಂದಿ ಮೂರು ನಾಲ್ಕು ದಿನದಲ್ಲಿ ಎದ್ದು ಓಡಾಡಿದರು. ಊದುವಜ್ಜ ಆಸ್ಪತ್ರೆಯಲ್ಲಿ ಎರಡನೆಯ ದಿನ ಶಕ್ತಿಯಿಲ್ಲದೆಯೂ ಒಬ್ಬರೇ ಎದ್ದು ಬಚ್ಚಲಿಗೆ ಹೊರಟು ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿದೆ. ಇನ್ನು ಕುಲುಮೆಯ ಮುಂದೆ ನಿಲ್ಲುವುದು ಆಗದ ಮಾತು ಎಂದಿದ್ದಾರೆ ಡಾಕ್ಟರು. ಅವರಿಗೆ ಯಾರೂ ಇಲ್ಲ. ಮನೆಗೆ ಕಳಿಸಿದ ಮೇಲೆ ದಿನಾ ಹೋಗಿ ಬಟ್ಟೆ ಒಗೆದು, ಏನಾದರೂ ಬೇಯಿಸಿಟ್ಟು ಬರುತ್ತೇನೆ.

ನನ್ನನ್ನು ಕೆಲಸದಿಂದ ತೆಗೆದರು. ಅದು ಸರಿಯೇ. ನೀನು ಸುಮ್ಮನಿರು. ಒಂದು ತಪ್ಪಿಗೆ ಒಬ್ಬರು ಹಾಳಾದರೆ ಸಾಕು.

ತಂಗಿ

ಆಗಸ್ಟ್ 29

ತಂಗಿ,

ನೀನು ಯಾರನ್ನು ಉಳಿಸಿದೆ ಎಂದು ತಿಳಿದರೆ ನಿನಗೆ ನಗು ಬರಬಹುದು.

ನಿನ್ನ ಚೂರನ್ನು ನಾನು ನೋಡಿರಲಿಲ್ಲ. ಪೊಟ್ಟಣ ಬಿಚ್ಚಿಯೇ ಇರಲಿಲ್ಲ. ಅದು ಮೇಜಿನ ಮೇಲೆ ಶಾಯಿ ಬಾಟಲಿಯ ಪಕ್ಕ ಇತ್ತು. ಸಂದರ್ಶನದ ಪುಸ್ತಕಗಳು ಅದರ ಮೇಲೆ ಬಿದ್ದವು. ನೀನು ಅವಸರ ಮಾಡುತ್ತಿದ್ದೆ, ನಾನು ಅವಸರದಲ್ಲಿದ್ದೆ. ಹಳದಿ ಸ್ಪಂಜು ಎಂದು ನೀನೇ ಬರೆದಿದ್ದೀಯಲ್ಲ ಎಂದುಕೊಂಡು, ನೋಡದೆಯೇ "ನೋಡಿದೆ" ಎಂದು ಬರೆದೆ. ಮೊಹರಿನ ಡಬ್ಬಿ ಬಂದ ದಿನ ಪೊಟ್ಟಣ ಹುಡುಕಿ ಬಿಚ್ಚಿದೆ. ಒಣಗಿದ್ದರೂ ಸ್ಪಂಜು ಇಟ್ಟಿಗೆಯ ಕೆಂಪು. ಎರಡು ನಿಮಿಷದ ಕೆಲಸ ಅದು. ಆ ಎರಡು ನಿಮಿಷ ಕೊಟ್ಟಿದ್ದರೆ ನಿಮ್ಮಜ್ಜ ಇವತ್ತು ಕುಲುಮೆಯ ಮುಂದಿರುತ್ತಿದ್ದರು.

ಹಿಂದಿನ ಕಾಗದದಲ್ಲಿ ಇದನ್ನು ಬರೆಯಲು ಧೈರ್ಯ ಸಾಲಲಿಲ್ಲ. ನನ್ನ ಕಾಗದ ತೋರಿಸು ಎಂದು ದೊಡ್ಡತನ ಮೆರೆದೆ. ಯಾಕೆ ತಪ್ಪಿತು ಎಂದು ಯಾರಾದರೂ ಕೇಳಿದರೆ, ಒಣಗಿದ ಚೂರಿನಿಂದ ತಿಳಿಯಲಿಲ್ಲ ಎಂದು ತಪ್ಪಿಸಿಕೊಳ್ಳಬಹುದೆಂದು ಒಳಗೊಳಗೇ ಲೆಕ್ಕ ಹಾಕಿದ್ದೆ.

ನಿನ್ನೆ ನಿರ್ದೇಶಕರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ತಪ್ಪು ಹೆಸರಿಟ್ಟಿದ್ರೆ ಕ್ಷಮಿಸ್ತಿದ್ದೆ ಕಣಯ್ಯಾ, ಅದು ನನ್ನಿಂದಲೂ ಆಗಿದೆ. ನೋಡದೇ ನೋಡಿದೆ ಅಂದ್ಯಲ್ಲ" ಎಂದರು. ಬೀಗದ ಕೈ ಗೊಂಚಲು ವಾಪಸು ಕೊಟ್ಟೆ. ಮತ್ತೆ ಹಳೆಯ ಮೇಜು, ಹಳೆಯ ಚೀಟಿಗಳು. ಅಷ್ಟಾದರೂ ಉಳಿಸಿದರು.

ಆರೋಗ್ಯಾಧಿಕಾರಿಗೂ ಬರೆದಿದ್ದೇನೆ, ತಪ್ಪು ನನ್ನದೆಂದು. ಸೀಳಿದಾಗ ನೀನು ಏನೂ ಕಾಣದೆ ಇದ್ದುದಕ್ಕೂ ಕಾರಣ ಬರೆದಿದ್ದೇನೆ. ಕೆಲವೊಮ್ಮೆ ನೀಲಿ ಮಂದವಾಗಿ ಬರುತ್ತದೆ, ಅಡುಗೆಮನೆಯ ಮಬ್ಬು ಬೆಳಕಿನಲ್ಲಿ ಕಣ್ತಪ್ಪುವುದು ಸಹಜ. ಎಳೆಯದರಲ್ಲಿ ಸ್ಪಂಜು ಹಳದಿಯಾಗಿಯೂ ಇರುತ್ತದೆ ಎಂದೂ ಸೇರಿಸಿದ್ದೇನೆ. ಅವರು ಕೇಳಿದರೆ ನೀನೂ ಹಾಗೇ ಹೇಳು.

ಅಣ್ಣ

ಸೆಪ್ಟೆಂಬರ್ 8

ಅಣ್ಣ,

ಹಾಗೆ ಹೇಳಲಾರೆ.

ಅಡುಗೆಮನೆಯಲ್ಲಿ ಮಬ್ಬು ಬೆಳಕಿಲ್ಲ. ನೀನು ಹೇಳಿದಂತೆ ಕಿಟಕಿಯ ಬಳಿಯೇ ಸೀಳಿದ್ದು, ಹಾಡುಹಗಲು. ಇನ್ನೂರು ಎಣಿಸಬೇಕಾಗಲಿಲ್ಲ. ಹದಿನೈದಕ್ಕೇ ನೀಲಿ ಶುರುವಾಯಿತು, ಒದ್ದೆ ಕಾಗದದ ಮೇಲೆ ಶಾಯಿ ಚೆಲ್ಲಿದ ಹಾಗೆ. ನಾನು ನಿಂತು ನೋಡಿದೆ. ಸ್ಪಂಜು ಅಂಚಿನಲ್ಲಷ್ಟೇ ಹಳದಿ, ಉಳಿದದ್ದೆಲ್ಲ ಕೆಂಪು. ಬಲೆಯೂ ಕೆಂಪು. ನೀನು ಕೇಳಿದ ಒಂದೊಂದು ಪ್ರಶ್ನೆಗೂ ಉತ್ತರ ನನ್ನ ಕಣ್ಣೆದುರಿಗಿತ್ತು. ಬರೆದರೆ ನೀನು ಬೇಡ ಅನ್ನುತ್ತೀಯ ಎಂದು ಗೊತ್ತಿತ್ತು, ಅದಕ್ಕೇ ಬರೆಯಲಿಲ್ಲ. ಚೂರು ಕಳಿಸಿದ್ದು ಮಾತ್ರ, ಕೆಟ್ಟದ್ದಾದರೆ ಹೇಗೂ ಅಣ್ಣ ಹಿಡಿಯುತ್ತಾನೆ ಎಂಬ ನಂಬಿಕೆಯಿಂದ. ನೀನು ನೋಡಿದೆ, ಒಳ್ಳೆಯದು ಅಂದಾಗ, ಹಾಗಾದರೆ ನನ್ನ ಕಣ್ಣೇ ಸುಳ್ಳು ಎಂದು ಹಿಗ್ಗಿದೆ.

ನಿನಗೆ ಹೇಳದೆ ಬಿಟ್ಟದ್ದು ಇನ್ನೊಂದಿದೆ. ಅಡುಗೆಮನೆ ಮುಚ್ಚಿ ಹೊರಗಿನಿಂದ ಡಬ್ಬಿ ಊಟ ತರಿಸಬೇಕೆಂದು ಮೇ ತಿಂಗಳಿಂದ ಮಾತು ನಡೆದಿತ್ತು. ತೀರ್ಮಾನ ಮಾಡುವ ಮೊದಲು ಮ್ಯಾನೇಜರ್ ಒಂದು ದಿನ ಬಂದು ಊಟ ಮಾಡುತ್ತಾರೆ ಎಂದರು. ಆ ದಿನ ಜುಲೈ ಒಂಬತ್ತು. ಅವರನ್ನು ಬೆರಗುಗೊಳಿಸಬೇಕಿತ್ತು ನನಗೆ. ಬೇರೆ ಯಾರಿಗೂ ಗೊತ್ತಿಲ್ಲದ್ದು ಮಾಡಬೇಕಿತ್ತು.

ಆರೋಗ್ಯಾಧಿಕಾರಿಯ ಕಚೇರಿಗೆ ಹೋಗಿ ಇಷ್ಟನ್ನೂ ಹೇಳಿ ಬಂದೆ. ನೀನು ಅವಳಿಗೆ ಬರೆದ ಕಾಗದವನ್ನು ನನ್ನ ಮುಂದೆಯೇ ತೆಗೆದು ಓದಿದಳು. "ಒಬ್ರನ್ನೊಬ್ರು ಕಾಪಾಡೋದ್ರಲ್ಲಿ ಇಬ್ರೂ ಗಟ್ಟಿಗರು. ಆ ಹನ್ನೊಂದು ಜನಾನ ಯಾರೂ ಕಾಪಾಡ್ಲಿಲ್ಲ" ಅಂದಳು. ಅಲ್ಲಿಂದ ಸೀದಾ ಅಜ್ಜನ ಮನೆಗೆ ಹೋದೆ. ಅವರು ಕಿಟಕಿಯ ಪಕ್ಕದ ಮಂಚದಲ್ಲಿ ಒರಗಿದ್ದರು. ಎಲ್ಲ ಹೇಳಿದೆ. ನೀಲಿಯಾದದ್ದನ್ನೂ ಹೇಳಿದೆ. ಆಮೇಲೆ ಅವರದು ಒಂದೇ ಪ್ರಶ್ನೆ.

"ಅವತ್ತು ಆ ಸೂಪು ನೀನು ಕುಡಿದ್ಯಾ ತಾಯಿ?"

ಅಣ್ಣ, ನಾನು ಕುಡಿಯಲಿಲ್ಲ. ಬಡಿಸುವ ಗಡಿಬಿಡಿ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹಸಿವಿಲ್ಲ ಎಂದುಕೊಂಡೆ. ಉಪ್ಪು ಸರಿಯಿದೆಯೇ ಎಂದು ನೋಡಲು ಸೌಟಿನ ತುದಿ ನಾಲಿಗೆಗೆ ತಾಗಿಸಿದವಳು ಅದನ್ನೂ ಉಗಿದೆ. ನಿನ್ನ ಕಾಗದ ಎದೆಯ ಹತ್ತಿರ ಇಟ್ಟುಕೊಂಡೇ ಉಗಿದೆ. ಹನ್ನೆರಡನೆಯವಳು ನಾನಾಗಬೇಕಿತ್ತು. ಆಗಲಿಲ್ಲ. ನೀನು "ನೀನು ತಿಂದೆಯಾ" ಎಂದು ಕೇಳಿದ್ದೆ. ಅದಕ್ಕೂ ನಾನು ಉತ್ತರಿಸಿರಲಿಲ್ಲ.

"ಇಲ್ಲ" ಅಂದೆ.

ಅಜ್ಜ ಗೋಡೆಯ ಕಡೆ ತಿರುಗಿದರು. ಸೊಂಟದ ನೋವಿನಲ್ಲಿ ತಿರುಗಲು ಎಷ್ಟು ಹೊತ್ತು ಹಿಡಿಯಿತೆಂದರೆ, ನಾನು ಕೈ ಕೊಡಲು ಮುಂದೆ ಹೋದೆ. "ಮುಟ್ಟಬೇಡ" ಅಂದರು. "ನಾಳೆಯಿಂದ ಬರಬೇಡ."

ಈಗ ಪಕ್ಕದ ಮನೆಯಾಕೆ ನೋಡಿಕೊಳ್ಳುತ್ತಾಳಂತೆ.

ತಂಗಿ

ಸೆಪ್ಟೆಂಬರ್ 17

ಮೊಂಡಿ,

ನಿನ್ನ ಮೇಲೆ ಸಿಟ್ಟು ಬಂತು. ಅರ್ಧ ದಿನ ಇತ್ತು. ಆಮೇಲೆ, ನಾನು ಪೊಟ್ಟಣ ಬಿಚ್ಚದೆ ಇದ್ದದ್ದೂ ಯಾಕೆ ಎಂದು ಯೋಚಿಸಿದೆ. ಅವಸರ ಎಂದು ಬರೆದೆ, ಆದರೆ ಅದಷ್ಟೇ ಅಲ್ಲ. ಬಿಚ್ಚಿದರೆ ಅನುಮಾನ ಬರುತ್ತಿತ್ತು, ಅನುಮಾನ ಬಂದರೆ ಒಂದು ಸಂಜೆಯಾದರೂ ಹೋಗುತ್ತಿತ್ತು. ನೀನು ಉಗಿದೆ, ನಾನು ಬಿಚ್ಚಲಿಲ್ಲ. ಇಬ್ಬರಿಗೂ ಒಳಗೆಲ್ಲೋ ಗೊತ್ತಿತ್ತು.

ಅಜ್ಜನಿಗೆ ಒಂದು ಕಾಗದ ಬರೆದಿದ್ದೇನೆ. ಕ್ಷಮಿಸಿ ಎಂದು ಬರೆಯಲಿಲ್ಲ, ನಡೆದದ್ದು ಬರೆದೆ. ಅವರಿಗೆ ಓದಲಾಗದಿದ್ದರೆ ಓಣಿಯ ಯಾರಾದರೂ ಓದಿ ಹೇಳಲಿ. ರಜೆ ಮಂಜೂರಾದ ಕೂಡಲೇ ನಾನೇ ಬರುತ್ತೇನೆ, ಬಾಗಿಲು ತೆರೆಯದಿದ್ದರೆ ಹೊರಗೇ ನಿಂತು ವಾಪಸಾಗುತ್ತೇನೆ.

ನೀನು ಊಟ ಬಿಡಬೇಡ.

ಅಣ್ಣ

ಅಕ್ಟೋಬರ್ 6

ಅಣ್ಣ,

ನಿನ್ನೆ ಪಕ್ಕದ ಮನೆಯಾಕೆ ಬಂದು, "ಅಜ್ಜ ಕರೀತಿದಾರೆ, ನನ್ನ ಅಡುಗೆ ಸಾಕಂತೆ" ಅಂದಳು. ಓಡಿದೆ.

ನಿನ್ನ ಕಾಗದ ಅವರ ದಿಂಬಿನ ಕೆಳಗಿತ್ತು. ಅದರ ಮಾತೆತ್ತಲಿಲ್ಲ. "ಏನಾದ್ರೂ ಬೇಯ್ಸು" ಅಂದರು. ಮನೆಯಲ್ಲಿ ಆಲೂಗಡ್ಡೆ, ಈರುಳ್ಳಿ ಬಿಟ್ಟರೆ ಏನೂ ಇರಲಿಲ್ಲ. ಅದನ್ನೇ ಬೇಯಿಸಿ ಒಂದು ಬಟ್ಟಲು ತುಂಬಿ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟೆ. ಅವರು ಮುಟ್ಟಲಿಲ್ಲ.

"ಇನ್ನೊಂದು ಬಟ್ಟಲು ತಾ. ಕೂತ್ಕೋ."

ಕೂತೆ.

"ಮೊದಲು ನೀನು."

ಒಂದು ತುತ್ತು ಬಾಯಿಗಿಟ್ಟೆ. ಅವರು ಕಣ್ಣು ತೆಗೆಯದೆ ನೋಡುತ್ತಲೇ ಇದ್ದರು, ನುಂಗುವವರೆಗೂ. "ಇನ್ನೊಂದು" ಅಂದರು. ಅದನ್ನೂ ನುಂಗಿದೆ. ಮೂರನೆಯದಕ್ಕೆ ಕಣ್ಣೀರು ಬಟ್ಟಲಿಗೆ ಬಿತ್ತು. ಅವರು ಬಟ್ಟಲು ಪೂರ್ತಿ ಖಾಲಿಯಾಗುವವರೆಗೆ ಕಾದರು. ಆಮೇಲೆ ಗೋಡೆಯ ಮೇಲಿನ ಗಡಿಯಾರ ನೋಡುತ್ತ ಹಾಗೇ ಒರಗಿ ಕೂತರು. ಅವರ ಬಟ್ಟಲು ತಣ್ಣಗಾಯಿತು. ಬಿಸಿ ಮಾಡಲೇ ಅಂದೆ, ಬೇಡವೆಂದು ತಲೆಯಾಡಿಸಿದರು. ಒಂದೂವರೆ ಗಂಟೆ ಅಣ್ಣ. ಅವತ್ತು ಎಲ್ಲರಿಗೂ ವಾಂತಿ ಶುರುವಾಗಲು ಹಿಡಿದಷ್ಟೇ ಹೊತ್ತು ಕೂತಿದ್ದೆವು. ಹೊರಗೆ ಪಾಳಿ ಬಿಟ್ಟ ಸೈರನ್ ಆಯಿತು.

ಆಮೇಲೆ ಅವರು ಚಮಚ ಎತ್ತಿಕೊಂಡರು.

ತಂಗಿ